ನಮ್ದು, ಅವರ್ದು

ಹೊಸ ಮನೆ, ಟೈಲರ್ ಅಂಗಡಿಯ ನೆತ್ತಿ
ಮಾರ್ಚ್ ೯, ಸೋಮವಾರ

ಪ್ರೀತಿಯ ಗುಬ್ಬಿಗೆ,

ನಿನ್ನ ಮೊಲದ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಲ್ಲಿ ನೀನೂ, ನಿನ್ನ ದಂತವೈದ್ಯರೂ, ನಿಮ್ಮಿಬ್ಬರ ಒಟ್ಟು ಅರವತ್ತಮೂರು ಹಲ್ಲುಗಳೂ ಕ್ಷೇಮವೆಂದು ನಂಬಿದ್ದೇನೆ.

ಮೊದಲು ತಪ್ಪೊಪ್ಪಿಗೆ. ನಿನ್ನ ಮೂರು ಕಾಗದ ಬಂದು ಕಿಟಕಿಯ ಮೇಲೆ ಸಾಲಾಗಿ ಕೂತು ನನ್ನನ್ನೇ ನೋಡುತ್ತಿವೆ. ಮೊದಲನೆಯದು ಬಂದಾಗ ಪೆನ್ನು ಸಿಗಲಿಲ್ಲ. ಇಪ್ಪತ್ತೆರಡು ರಟ್ಟಿನ ಡಬ್ಬಗಳಲ್ಲಿ ಯಾವುದರಲ್ಲಿ ಹೋಗಿತ್ತೋ ಅದಕ್ಕೇ ಗೊತ್ತು. ಎರಡನೆಯದು ಬಂದಾಗ ಪೆನ್ನಿತ್ತು, ಮೇಜಿರಲಿಲ್ಲ. ಮೂರನೆಯದು ಬಂದಾಗ ಪೆನ್ನೂ ಇತ್ತು, ಮೇಜೂ ಇತ್ತು, ಮನಸ್ಸು ಮಾತ್ರ ಇರಲಿಲ್ಲ. ಅದೂ ಯಾವುದೋ ಡಬ್ಬದಲ್ಲಿತ್ತು ಅಂತ ಇಟ್ಟುಕೋ.

ಫೋನ್ ಯಾಕೆ ಎತ್ತಲ್ಲ ಅಂತ ಮೂರು ಕಾಗದದಲ್ಲೂ ಗದರಿದ್ದೀಯ. ಎತ್ತಲ್ಲ. ಊರವರದೆಲ್ಲ ಎತ್ತುತ್ತೇನೆ, ವಿಮೆ ಬೇಕೇ ಅಂತ ಕೇಳುವ ಹೆಣ್ಣುಮಗಳ ಜೊತೆ ಹತ್ತು ನಿಮಿಷ ಕಷ್ಟಸುಖ ಮಾತಾಡುತ್ತೇನೆ, ನಿನ್ನದು ಮಾತ್ರ ಎತ್ತಲ್ಲ. ನಿನ್ನ ಕಿವಿ ನನಗೆ ಗೊತ್ತಿಲ್ಲವೇ? ನಾನು ಒಂದು 'ಹಲೋ' ಅಂದರೆ ಸಾಕು, "ಯಾಕೇ, ಊಟ ಮಾಡಿಲ್ವಾ? ಯಾರ ಮೇಲೆ ಕೋಪ? ಮೂಗು ಯಾಕೆ ಕಟ್ಟಿದೆ?" ಅಂತ ಶುರು ಮಾಡುತ್ತೀಯ. ಕಾಗದದಲ್ಲಿ ಆ ಕಾಟವಿಲ್ಲ. ನಾನು ಎಷ್ಟು ಹೇಳುತ್ತೇನೋ ಅಷ್ಟೇ ಕೇಳಿಸುತ್ತದೆ.

ಈಗ ನಿನ್ನ ಆರೋಪಪಟ್ಟಿಗೆ ಬರೋಣ. "ನಾನು ಮದುವೆಯಾಗಿ ಹೊರಟದ್ದಕ್ಕೆ ನೀನು ಊರನ್ನೇ ಬಿಡಬೇಕಾಯಿತಲ್ಲೇ" ಅಂತ ಬರೆದು, ಆ ಸಾಲಿನ ಮೇಲೆ ಏನೋ ಒದ್ದೆ ಬೀಳಿಸಿದ್ದೀಯ. ಅದು ಚಹಾ ಅಂತ ನಾನು ತೀರ್ಮಾನಿಸಿದ್ದೇನೆ. ನೋಡು, ಹತ್ತೊಂಬತ್ತು ವರ್ಷ ಒಂದೇ ಮನೆಯ ಬಾಡಿಗೆ, ಒಂದೇ ಆಫೀಸಿನ ಕೆಲಸ, ಒಂದೇ ನಲ್ಲಿಯ ನೀರು ಸಮ ಪಾಲು ಮಾಡಿಕೊಂಡು ಬಾಳಿದವರು ನಾವು. ನಲವತ್ತೆಂಟನೇ ವಯಸ್ಸಿನಲ್ಲಿ ನೀನು ಒಂದು ದವಡೆ ಹಲ್ಲು ಕೀಳಿಸಲು ಹೋದೆ. ಬಾಯಿ ಊದಿಸಿಕೊಂಡು ಬರುತ್ತಾಳೆ ಅಂತ ನಾನು ಮೆತ್ತಗೆ ಅಡುಗೆ ಮಾಡಿ ಕಾದಿದ್ದೆ. ಹಲ್ಲು ಕೀಳಿಸಲು ಹೋದವಳು ಎಂಟು ತಿಂಗಳಲ್ಲಿ ಮನೆಯನ್ನೇ ಕಿತ್ತುಕೊಂಡು ಹೋದೆ. ಸಂತೋಷ. ಇದನ್ನು ನಾನು ಹಲ್ಲು ಕಚ್ಚಿಕೊಂಡು ಹೇಳುತ್ತಿಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ಆದರೆ ನಾನು ಊರು ಬಿಟ್ಟದ್ದಕ್ಕೂ ಅದಕ್ಕೂ ಸಂಬಂಧ ಕಟ್ಟಬೇಡ. ಕಾರಣ ಒಂದೇ, ಬಾಡಿಗೆ. ಎರಡು ಕೋಣೆಯ ಮನೆ, ಒಬ್ಬಳ ಸಂಬಳ. ಕಂಪ್ಯೂಟರ್ ಬಿಚ್ಚಿದಲ್ಲೇ ಆಫೀಸು ಅಂತ ಆದಮೇಲೆ, ಕಿಟಕಿ ತೆಗೆದರೆ ಎದುರು ಮನೆಯವರ ಬಕೆಟ್ಟು ಮೂಗಿಗೆ ತಾಗುವ ಜಾಗಕ್ಕೆ ಅಷ್ಟು ಸುರಿಯುವುದು ಯಾವ ನ್ಯಾಯ? ನನ್ನ ತಮ್ಮನಿಗೂ ಹೀಗೇ ಹೇಳಿದೆ. ಅವನು, "ಅಕ್ಕಾ, ಆ ಊರಲ್ಲಿ ನಿನಗೆ ಯಾರು ಗೊತ್ತು?" ಅಂದ. "ಯಾರೂ ಗೊತ್ತಿಲ್ಲ ಕಣೋ, ಅದಕ್ಕೇ ಅಗ್ಗ" ಅಂದೆ. ಅವನು ಸುಮ್ಮನಾದ. ನೀನೂ ಆಗು.

ಊರು ಹೇಗಿದೆ ಅಂತ ಕೇಳಿದ್ದೀಯ. ರೈಲಿನಲ್ಲಿ ನಾಲ್ಕು ಗಂಟೆ, ಆಮೇಲೆ ಬಸ್ಸಿನಲ್ಲಿ ಒಂದು ಗಂಟೆ, ಆಮೇಲೆ ಎರಡು ಕಾಲು. ಒಂದು ಮುಖ್ಯ ಬೀದಿ. ಉಳಿದವೆಲ್ಲ ಅದಕ್ಕೆ ಅಮುಖ್ಯ. ಮನೆಯ ಮಾಲೀಕರು ಟೈಲರ್. ಅರವತ್ತು ದಾಟಿದವರು, ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ. ಹಾಗಾಗಿ ಮಾತೆಲ್ಲ ಬಾಯಿಯ ಒಂದೇ ಪಕ್ಕದಿಂದ ಬರುತ್ತದೆ. ಅವರ ಕೈಯಲ್ಲಿ ಬಾಡಿಗೆಗೆ ಎರಡು ಮನೆಗಳಿದ್ದವು. ಮೊದಲು ಎದುರು ಸಾಲಿನದು ತೋರಿಸಿದರು. ಎರಡು ಕೋಣೆ, ನಡುವೆ ಒಂದು ಬಾಗಿಲು, ಗಾಳಿ ಬೆಳಕು ಎಲ್ಲ ಧಾರಾಳ. ನಾನು ಹೊಸ್ತಿಲಲ್ಲೇ ನಿಂತು ಬೇಡ ಅಂದೆ.

"ಒಳಗೇ ಬಂದಿಲ್ವಲ್ಲಮ್ಮಾ."

"ನನಗೆ ಒಂದೇ ಕೋಣೆ ಸಾಕು."

"ಬಾಡಿಗೆ ಜಾಸ್ತಿ ಅನ್ಸುತ್ತೆ ಅಂತಾದ್ರೆ ಹೇಳಿ. ಒಂದು ರೂಮಿನ ರೇಟಿಗೇ ಇದನ್ನ ಕೊಟ್ಬಿಡ್ತೀನಿ. ಆರು ತಿಂಗಳಿಂದ ಖಾಲಿ ಬಿದ್ದಿದೆ."

"ಬೇಡ ಬಿಡಿ. ಗುಡಿಸೋಕೆ ಕಷ್ಟ."

ಅವರು ಟೇಪಿಲ್ಲದೆಯೇ ನನ್ನನ್ನು ಮೇಲಿಂದ ಕೆಳಗೆ ಅಳೆದರು. "ಬಟ್ಟೆ ಜಾಸ್ತಿ ಇದ್ರೂ ಬಿಗಿಯಾಗೇ ಹೊಲೀರಿ ಅನ್ನೋ ಗಿರಾಕಿ ನೀವು" ಅಂದು ತಮ್ಮ ಅಂಗಡಿಯ ಮೇಲಿನ ಒಂಟಿ ಕೋಣೆಯ ಬೀಗ ತೆಗೆದರು. ಒಂದು ಕೋಣೆ, ಅದರ ಮೂಲೆಯಲ್ಲೇ ಒಲೆ, ಇನ್ನೊಂದು ಮೂಲೆಯಲ್ಲಿ ಬಚ್ಚಲು. ಹಾಸಿಗೆಯಲ್ಲಿ ಮಲಗಿದರೆ ಇಡೀ ಆಸ್ತಿ ಕಣ್ಣಿಗೆ ಬೀಳುತ್ತದೆ. ಅಲ್ಲೇ ಮುಂಗಡ ಕೊಟ್ಟೆ.

"ಏನು ಕೆಲಸ ನಿಮ್ಮದು?" ಅಂದರು.

ಹತ್ತೊಂಬತ್ತು ವರ್ಷದಿಂದ ಯಾರಿಗೂ ಅರ್ಥವಾಗದ ಕೆಲಸವನ್ನು ಗುಂಡುಸೂಜಿ ಕಚ್ಚಿದ ಮನುಷ್ಯನಿಗೆ ವಿವರಿಸಲು ಕೂತೆ. ಕಿವಿ ಕೇಳದವರು ಸಿನಿಮಾ ನೋಡಬೇಕಲ್ಲ, ಅವರಿಗಾಗಿ ಪರದೆಯ ಕೆಳಗೆ ಅಕ್ಷರ ಬರುತ್ತದೆ. ಮಾತು ಮಾತ್ರವಲ್ಲ, ಸದ್ದೂ ಬರಬೇಕು. [ಬಾಗಿಲು ಕಿರುಗುಟ್ಟುತ್ತದೆ], [ದೂರದಲ್ಲಿ ರೈಲು], ಹೀಗೆ. ನಾನು ಅದನ್ನು ಬರೆಯುವವಳು.

"ಅಂದ್ರೆ ನೀವು ಸದ್ದು ಬರೀತೀರಿ."

"ಹೌದು."

"ಒಳ್ಳೇದಾಯ್ತು ಬಿಡಿ. ಸದ್ದು ಮಾಡೋರಿಗೆ ನಾನು ಮನೆ ಕೊಡಲ್ಲ. ಬರಿಯೋರು ಪರವಾಗಿಲ್ಲ."

ಇಷ್ಟರವರೆಗೆ ಕಥೆ ಸುಖವಾಗಿದೆ. ಇನ್ನು ಅಪರಾಧ ವಿಭಾಗ. ಕುರ್ಚಿ ಎಳೆದುಕೊಂಡು ಕೂತು ಓದು, ಯಾಕಂದರೆ ಇದರಲ್ಲಿ ನೀನೂ ಆರೋಪಿ.

ಕೆಲಸವನ್ನು ಮನೆಗೇ ತಂದು ಮಾಡುತ್ತಿದ್ದ ನಮ್ಮ ಕೊನೆಯ ಸುತ್ತು ನೆನಪಿದೆಯಲ್ಲ? ಮೊದಲ ಸುತ್ತು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಪರದೆ ನೋಡುತ್ತ ಬರೆಯುವುದು. ಅದು ಎಲ್ಲರೂ ಮಾಡುತ್ತಾರೆ. ಕೊನೆಯ ಸುತ್ತು ನಿನ್ನ ಕಾನೂನು: ಹೆಡ್‌ಫೋನ್ ತೆಗೆದಿಟ್ಟು, ಸ್ಪೀಕರ್ ಹಾಕಿ, ಕಣ್ಣು ಮುಚ್ಚಿ ಕೇಳಬೇಕು. "ಸಿನಿಮಾ ನೋಡೋರು ಕೋಣೇಲಿ ಕೂತು ನೋಡ್ತಾರೆ. ಸದ್ದು ಕೋಣೇಲಿ ಹುಟ್ಟಬೇಕು, ತಲೆಯೊಳಗಲ್ಲ" ಅಂತ ಮೊದಲ ವಾರವೇ ನನಗೆ ಉಪದೇಶ ಮಾಡಿದವಳು ನೀನು. ನಾನು ಕಣ್ಣು ಮುಚ್ಚಿ, ಒಂದು ಬೆರಳು ಕೀಲಿಯ ಮೇಲಿಟ್ಟು ಕೂತಿರುತ್ತಿದ್ದೆ. ನೀನು ನನ್ನ ಬೆನ್ನ ಹಿಂದೆ ಕೂತು ಬಟಾಣಿ ಸುಲಿಯುತ್ತಲೋ ಗುಂಡಿ ಹೊಲಿಯುತ್ತಲೋ ತೀರ್ಪು ಕೊಡುತ್ತಿದ್ದೆ. ಲಿಫ್ಟಿನ ಗೊರಗೊರ ಕೇಳಿದರೆ "ನಮ್ದು". ಮಳೆ ಕೇಳಿದರೆ, ಒಂದು ಕ್ಷಣ ಕಿಟಕಿ ಕಡೆ ನೋಡಿ, "ಅವರ್ದು". ಮೇಲಿನ ಮನೆಯವರು ಏನನ್ನೋ ಕುಟ್ಟುವುದು ನಮ್ದು. ಪೊಲೀಸ್ ಜೀಪು ಅವರ್ದು. ನೀನು ಎದ್ದು ಒಳಗೆ ಹೋಗುವಾಗ ಹಿಮ್ಮಡಿ ಎಳೆಯುವ ನಿನ್ನ ಹಳೇ ಚಪ್ಪಲಿ, ಅದು ಹೇಳದೆಯೇ ನಮ್ದು. ನಮ್ದು ಅಂದರೆ ಬಿಡಬೇಕು, ಅವರ್ದು ಅಂದರೆ ಬರೆಯಬೇಕು. ಹತ್ತೊಂಬತ್ತು ವರ್ಷ ಒಂದೇ ಒಂದು ಸದ್ದು ಅದಲುಬದಲಾಗಲಿಲ್ಲ.

ಈ ಊರಿಗೆ ಬಂದ ಮೊದಲ ತಿಂಗಳಲ್ಲಿ ನಾನು ಕಳಿಸಿದ ಕೆಲಸದ ವಿವರ ಇಲ್ಲಿದೆ. ನಗಬೇಡ.

ಒಂದು ಬ್ಯಾಂಕ್ ದರೋಡೆಯ ಸಿನಿಮಾ. ಕಳ್ಳರು ನೆಲಮಾಳಿಗೆಯ ತಿಜೋರಿಯೊಳಗೆ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಕೆಳಗೆ ನನ್ನ ಅಕ್ಷರ: [ಹೆಬ್ಬಾತುಗಳ ಕೂಗು].

ಒಂದು ಆಸ್ಪತ್ರೆಯ ಸಿನಿಮಾ. ಶಸ್ತ್ರಚಿಕಿತ್ಸೆ ಮುಗಿದು ವೈದ್ಯರು ಹೊಟ್ಟೆಗೆ ಹೊಲಿಗೆ ಹಾಕುತ್ತಿದ್ದಾರೆ. [ಹೊಲಿಗೆ ಯಂತ್ರ ಓಡುತ್ತದೆ].

ಮೂರನೆಯದು ಅಂತರಿಕ್ಷದ್ದು. ಗಗನಯಾತ್ರಿ ಒಬ್ಬನೇ ಕತ್ತಲಲ್ಲಿ ತೇಲುತ್ತಿದ್ದಾನೆ, ಭೂಮಿ ಒಂದು ಚುಕ್ಕಿ. [ಸೈಕಲ್ ಗಂಟೆ].

ಕತ್ತರಿ ವಿಡಿಯೋದಲ್ಲಿ ಬಂದರು. ಕತ್ತರಿ ಅಂದರೆ ಅದೇ ನಮ್ಮ ಮೇಲ್ವಿಚಾರಕರು. ನೀನಿಟ್ಟ ಹೆಸರು ಈಗ ಇಡೀ ಆಫೀಸಿಗೆ ಹಬ್ಬಿದೆ, ಅವರಿಗೂ ಗೊತ್ತಾಗಿದೆ ಅಂತ ಸುದ್ದಿ.

"ಮೇಡಂ, ಅಂತರಿಕ್ಷದಲ್ಲಿ ಸೈಕಲ್ ಗಂಟೆ."

"ಸರ್."

"ಗಾಳಿಯೇ ಇಲ್ಲದ ಜಾಗ ಅದು."

"ಹೌದು ಸರ್. ನಮ್ಮ ಪೋಸ್ಟ್‌ಮ್ಯಾನ್ ಬಂದಿರಬೇಕು."

ಅವರು ಕನ್ನಡಕ ತೆಗೆದು ಒರೆಸಿದರು. ಕತ್ತರಿ ಕನ್ನಡಕ ಒರೆಸಿದರೆ ಏನರ್ಥ ಅಂತ ನಿನಗೆ ಹೇಳಬೇಕಾಗಿಲ್ಲ. "ನೋಡಿ ಮೇಡಂ, ಕೊನೆಯ ಸುತ್ತಿಗೂ ಹೆಡ್‌ಫೋನ್ ಹಾಕ್ಕೊಳ್ಳಿ, ಮುಗೀತು."

"ಅದು ಆಗಲ್ಲ ಸರ್."

"ಯಾಕಾಗಲ್ಲ?"

"ನಮ್ಮ ಪದ್ಧತಿ ಅದಲ್ಲ."

"ನಮ್ಮ ಅಂದ್ರೆ ಯಾರ್ಯಾರು? ನೀವೊಬ್ರೇ ಅಲ್ವಾ ಈಗ?"

ಗುಬ್ಬಿ, ಇಂಥ ಪ್ರಶ್ನೆ ಬಂದಾಗ ನಾನು ಏನು ಮಾಡುತ್ತೇನೆ ಗೊತ್ತಲ್ಲ, ಗದ್ದ ಎತ್ತಿಕೊಂಡು ಕೂತೆ. ಕೊನೆಗೆ ಅವರೇ ತೀರ್ಪು ಹೇಳಿದರು. ಬುಧವಾರ ಬೆಳಿಗ್ಗೆ ಒಂದು ಸಿನಿಮಾ ಕಳಿಸುತ್ತಾರೆ, ಸಂಜೆ ನಾಲ್ಕಕ್ಕೆ ಮುಗಿಸಿ ವಾಪಸು ಕಳಿಸಬೇಕು. ಅದರಲ್ಲಿ ಇಲ್ಲದ ಸದ್ದು ಒಂದೇ ಒಂದು ಇದ್ದರೂ, ಮುಂದಿನ ತಿಂಗಳಿಂದ ನಾನು ಆಫೀಸಿಗೇ ಬಂದು, ಆ ಗಾಜಿನ ಪೆಟ್ಟಿಗೆಯೊಳಗೆ ಕೂತು ಕೆಲಸ ಮಾಡಬೇಕು. ಬರದಿದ್ದರೆ ಕೆಲಸವಿಲ್ಲ. ಅಂದರೆ ಮತ್ತೆ ಅದೇ ಊರು, ಅದೇ ಬಾಡಿಗೆ, ಅದೇ ಮೆಟ್ಟಿಲು.

ನಾನು ವಾಪಸು ಹೋಗಲ್ಲ. ಇದನ್ನು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ ಅಂತ ತಿಳಿ.

ಹಾಗಾಗಿ ಒಂದು ಯೋಜನೆ ಹಾಕಿದೆ. ಹಳೇ ಮನೆಯಲ್ಲಿ ನಮ್ದು ಯಾವುದು ಅಂತ ಹೇಳಲು ನೀನಿದ್ದೆ. ಇಲ್ಲಿ ನಮ್ದು ಯಾವುದು ಅಂತ ನನಗೇ ಗೊತ್ತಿಲ್ಲ, ಅದಕ್ಕೇ ಎಲ್ಲವೂ ಅವರ್ದಾಗಿ ಕೇಳುತ್ತಿದೆ. ಸರಿ, ಗೊತ್ತು ಮಾಡಿಕೊಂಡರಾಯಿತು. ಮೂರು ದಿನ ರಜೆ ಹಾಕಿ, ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಬೀದಿಗೇ ಅಕ್ಷರ ಬರೆದೆ. ಆರೂ ನಲವತ್ತಕ್ಕೆ, ಮತ್ತೆ ಮಧ್ಯಾಹ್ನ ಒಂದಕ್ಕೆ [ಖಾಲಿ ಟ್ಯಾಂಕಿಗೆ ನೀರು ಬೀಳುತ್ತದೆ]. ಏಳೂವರೆಗೆ [ಅಂಗಡಿಯ ಷಟರ್ ಮೇಲೇರುತ್ತದೆ, ನಡುವೆ ಸಿಕ್ಕಿಕೊಳ್ಳುತ್ತದೆ, ಟೈಲರ್ ಬೈಯುತ್ತಾರೆ]. ಎಂಟಕ್ಕೆ ಹೊಲಿಗೆ ಯಂತ್ರ. ಪ್ಯಾಂಟಿಗೆ ಒಂದು ಲಯ, ದಿಂಬಿನ ಚೀಲಕ್ಕೆ ಇನ್ನೊಂದು. ಹತ್ತಕ್ಕೆ ಹೆಬ್ಬಾತುಗಳು ಕೆರೆಗೆ, ನಾಲ್ಕಕ್ಕೆ ವಾಪಸು. ಹನ್ನೊಂದೂ ಕಾಲಿಗೆ ಪೋಸ್ಟ್‌ಮ್ಯಾನ್ ಗಂಟೆ. ಕಾಗದ ಇದ್ದರೆ ಎರಡು ಸಲ, ಇಲ್ಲದಿದ್ದರೆ ಸುಮ್ಮನೆ ಒಂದು ಸಲ, ತಾನು ಬದುಕಿದ್ದೇನೆ ಅಂತ ತಿಳಿಸಲು.

ಎರಡನೇ ದಿನಕ್ಕೆ ನಾನು ಪೊಲೀಸರ ಕಡೆಯವಳು ಅಂತ ಬೀದಿಯಲ್ಲಿ ಮಾತಾಯಿತು. ಹೆಬ್ಬಾತಿನ ಅಜ್ಜಿ ಕಿಟಕಿಯ ಕೆಳಗೆ ಬಂದು ನಿಂತರು. ಎಪ್ಪತ್ತೈದು ವರ್ಷ, ಕೈಯಲ್ಲಿ ಕೋಲು, ಹಿಂದೆ ಹನ್ನೊಂದು ಹೆಬ್ಬಾತು. ಅಜ್ಜಿಯೂ ಹೆಬ್ಬಾತುಗಳೂ ಕತ್ತು ಎತ್ತಿ ನನ್ನನ್ನು ನೋಡುವ ರೀತಿ ಒಂದೇ.

"ಏನಮ್ಮಾ, ನಮ್ಮನ್ನ ಬರ್ಕೊಳ್ತಾ ಇದ್ದೀಯಂತೆ?"

ಇಳಿದು ಹೋಗಿ ಎಲ್ಲ ಹೇಳಿದೆ. ಬ್ಯಾಂಕ್ ದರೋಡೆ, ತಿಜೋರಿ, ಅದರಲ್ಲಿ ಅವರ ಹೆಬ್ಬಾತು. ಅಜ್ಜಿ ಬೈಯುತ್ತಾರೆ ಅಂದುಕೊಂಡರೆ ಮುಖ ಅರಳಿತು.

"ನಮ್ಮದು ಸಿನಿಮಾದಲ್ಲಿ ಬಂತಾ?"

"ಬಂತು ಅಜ್ಜಿ, ಆಮೇಲೆ ತೆಗೆದರು."

"ಯಾರವನು ತೆಗೆದವನು?"

"ನಮ್ಮ ಮೇಲಿನವರು."

"ಅವನ ಮನೇಗೊಂದು ಹೆಬ್ಬಾತು ಕಳಿಸ್ತೀನಿ, ಕೇಳಿಸ್ಕೊಳ್ಳಲಿ." ಆಮೇಲೆ ದನಿ ತಗ್ಗಿಸಿ, "ಅಲ್ವೇ ಮಗಳೇ, ಇದಕ್ಕೆ ನಿನ್ನ ಅನ್ನ ಹೋಗುತ್ತಾ?" ಅಂದರು.

"ಹೋಗಬಹುದು ಅಜ್ಜಿ. ಬುಧವಾರ ಪರೀಕ್ಷೆ."

ಅಜ್ಜಿ ಹೆಬ್ಬಾತುಗಳ ಕಡೆ ತಿರುಗಿ, "ಕೇಳಿಸ್ತಾ?" ಅಂದರು. ಅವಕ್ಕೆ ಕೇಳಿಸಿತು ಅನ್ನಿಸುತ್ತೆ, ಹನ್ನೊಂದೂ ಒಟ್ಟಿಗೆ ಉತ್ತರ ಕೊಟ್ಟವು.

ಈಗ ನಿಲ್ಲಿಸುತ್ತೇನೆ. ಪೋಸ್ಟ್‌ಮ್ಯಾನ್ ಬರುವ ಹೊತ್ತು. ಆದರೆ ಫಲಿತಾಂಶವಿಲ್ಲದ ಕಾಗದ ಕಳಿಸಿದರೆ ನೀನು ಅಲ್ಲಿ ಉಗುರು ಕಚ್ಚಿ, ಅದರಿಂದ ಹಲ್ಲು ಹಾಳಾಗಿ, ಮನೆಯಲ್ಲೇ ಗಿರಾಕಿಯಾಗುತ್ತೀಯ. ಮುಗಿಸಿಯೇ ಅಂಚೆಗೆ ಹಾಕುತ್ತೇನೆ.

ಮಾರ್ಚ್ ೧೩, ಶುಕ್ರವಾರ

ಬುಧವಾರದ ವರದಿ ಸಲ್ಲಿಸುತ್ತಿದ್ದೇನೆ.

ಕತ್ತರಿ ಬೇಕಂತಲೇ ಮೌನದ ಸಿನಿಮಾ ಆರಿಸಿದ್ದರು. ಇಬ್ಬರು ಅಣ್ಣತಮ್ಮಂದಿರು ತೊಂಬತ್ತು ನಿಮಿಷ ಒಬ್ಬರಿಗೊಬ್ಬರು ಮಾತಾಡದೆ ಜಗಳವಾಡುತ್ತಾರೆ. ಮಾತು ಒಟ್ಟು ನಲವತ್ತು ಸಾಲು, ಉಳಿದದ್ದೆಲ್ಲ ಸದ್ದು. ಲೋಟ ಕೆಳಗಿಡುವ ಸದ್ದು, ಲೋಟವನ್ನು ಕೋಪದಿಂದ ಕೆಳಗಿಡುವ ಸದ್ದು. ಮೊದಲ ಸುತ್ತು ಮಧ್ಯಾಹ್ನ ಒಂದರ ಹೊತ್ತಿಗೆ ಮುಗಿಯಿತು. ಮುಖ ತೊಳೆದು, ಹೆಡ್‌ಫೋನ್ ಮಡಚಿಟ್ಟು, ಸ್ಪೀಕರ್ ಹಾಕಿ, ಕಣ್ಣು ಮುಚ್ಚಿ ಕೂತೆ.

ಎರಡು ನಿಮಿಷದಲ್ಲಿ ಏನೋ ತಪ್ಪಿದೆ ಅನ್ನಿಸಿತು. ಬೀದಿಯಲ್ಲಿ ಸದ್ದೇ ಇಲ್ಲ. ಹೊಲಿಗೆ ಯಂತ್ರ ಇಲ್ಲ. ಟ್ಯಾಂಕು ಇಲ್ಲ. ಹನ್ನೊಂದೂ ಕಾಲಿಗೆ ಗಂಟೆಯೂ ಕೇಳಿರಲಿಲ್ಲ ಅಂತ ಆಗ ನೆನಪಾಯಿತು. ಎದ್ದು ಕಿಟಕಿಯಲ್ಲಿ ಬಗ್ಗಿ ನೋಡಿದರೆ, ಪೋಸ್ಟ್‌ಮ್ಯಾನ್ ಕಾಗದ ಹಂಚಿ ಮುಗಿಸಿ, ಸೈಕಲ್ ತಳ್ಳಿಕೊಂಡು, ಕೈಯಲ್ಲಿ ಗಂಟೆ ಮುಚ್ಚಿ ಹಿಡಿದುಕೊಂಡು, ತುದಿಗಾಲಲ್ಲಿ ಹೋಗುತ್ತಿದ್ದಾರೆ. ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕೈಹೊಲಿಗೆ ಹಾಕುತ್ತಿದ್ದಾರೆ. ಅಜ್ಜಿ ಬೆಳಿಗ್ಗೆ ಏಳಕ್ಕೇ ಹೆಬ್ಬಾತುಗಳನ್ನು ಹೊಡೆದುಕೊಂಡು ದೂರದ ಕೆರೆಗೆ ಹೋಗಿದ್ದರಂತೆ. ಇಡೀ ಬೀದಿ ನನ್ನ ಅನ್ನಕ್ಕಾಗಿ ಉಸಿರು ಬಿಗಿಹಿಡಿದಿತ್ತು.

ಕಣ್ಣು ತುಂಬಿ ಬಂತು ಅಂತ ಬರೆಯಬೇಕು ಇಲ್ಲಿ. ಬರೆಯಬಹುದಿತ್ತು. ಆದರೆ ನಿಜ ಹೇಳುತ್ತೇನೆ ಕಣೇ, ನನಗೆ ಹೆದರಿಕೆಯಾಯಿತು. ಮತ್ತೆ ಕಣ್ಣು ಮುಚ್ಚಿ ಕೂತೆ. ಸಿನಿಮಾದಲ್ಲಿ ಅಣ್ಣ ಸುಮ್ಮನಿದ್ದಾನೆ, ತಮ್ಮ ಸುಮ್ಮನಿದ್ದಾನೆ, ಬೀದಿ ಸುಮ್ಮನಿದೆ. ಅಷ್ಟೊಂದು ಮೌನ ಸಿಕ್ಕಿದರೆ ನನ್ನ ಕಿವಿ ಸುಮ್ಮನಿರಲ್ಲ. ಅದು ಎದ್ದು ಏನನ್ನೋ ಹುಡುಕಲು ಹೊರಡುತ್ತದೆ. ಅದರ ಆ ಚಾಳಿ ನನಗೆ ಗೊತ್ತು.

ದಡದಡ ಕೆಳಗಿಳಿದು ಹೋದೆ.

"ಮಿಷನ್ ಓಡಿಸಿ" ಅಂದೆ.

ಟೈಲರ್ ಬಾಯಿಂದ ಗುಂಡುಸೂಜಿ ತೆಗೆದರು. ಆ ಮನುಷ್ಯ ಸೂಜಿ ತೆಗೆದು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಪರೀಕ್ಷೆ ಮುಗೀತಾ?"

"ಇಲ್ಲ. ನೀವು ಓಡಿಸಿದ್ರೆ ಮುಗಿಯುತ್ತೆ."

"ಅಲ್ಲಮ್ಮಾ, ಬೆಳಿಗ್ಗೆಯಿಂದ ಬೆರಳು ತೂತು ಮಾಡ್ಕೊಂಡು ಕೈಯಲ್ಲಿ ಹೊಲೀತಾ ಇದ್ದೀನಿ. ಮಿಷನ್ ಸದ್ದು ಬೇಡ ಅಂತ ತಾನೇ ನಿಮ್ಮ ಗಲಾಟೆ?"

"ಗಲಾಟೆ ಇಲ್ಲದಿದ್ರೆ ನನಗೆ ಇಲ್ಲದ್ದೆಲ್ಲ ಕೇಳಿಸುತ್ತೆ. ಇರೋ ಸದ್ದು ಇರಲಿ. ಅದು ನಿಮ್ಮದು ಅಂತ ಈಗ ನನಗೆ ಗೊತ್ತಿದೆಯಲ್ಲ."

ಅವರು ಎದ್ದು ಮಿಷನ್ ಮುಂದೆ ಕೂತು, "ಪ್ಯಾಂಟು ಹೊಲೀಲಾ, ದಿಂಬಿನ ಚೀಲ ಹೊಲೀಲಾ?" ಅಂತ ಕೇಳಿದರು. ಇಂಥ ಮನುಷ್ಯನ ನೆತ್ತಿಯ ಮೇಲೆ ವಾಸವಾಗಿರುವುದಕ್ಕೆ ನಾನು ಬಾಡಿಗೆ ಸ್ವಲ್ಪ ಕಡಿಮೆಯೇ ಕೊಡುತ್ತಿದ್ದೇನೆ ಅನ್ನಿಸಿತು. ಇದನ್ನು ಅವರಿಗೆ ಹೇಳುವುದಿಲ್ಲ.

ಮೇಲೆ ಬಂದು ಕೂತೆ. ಯಂತ್ರ ಶುರುವಾಯಿತು. ಪ್ಯಾಂಟು. ಕೋಣೆಗೆ ಜೀವ ಬಂತು. ಯಾರೂ ಇಲ್ಲದ ಕೋಣೆಯಲ್ಲಿ ನಾನು ಗಟ್ಟಿಯಾಗಿ, ನಿನ್ನದೇ ರಾಗದಲ್ಲಿ, "ನಮ್ದು" ಅಂದೆ. ಹಾಗೇ ಮುಂದುವರಿದೆ. ಲೋಟ, ಅವರ್ದು. ನೀರಿನ ಟ್ಯಾಂಕು, ನಮ್ದು. ಅಣ್ಣನ ನಿಟ್ಟುಸಿರು, ಅವರ್ದು. ಟೈಲರ್ ಸೀನಿದ್ದು, ನಮ್ದು. ಅಜ್ಜಿಗೆ ಯಾರೋ ಸುದ್ದಿ ಮುಟ್ಟಿಸಿರಬೇಕು, ಮೂರು ಗಂಟೆಯ ಸುಮಾರಿಗೆ ಹೆಬ್ಬಾತುಗಳೂ ವಾಪಸು ಬಂದವು, ಬೀದಿ ತುಂಬ ಗಲಗಲ. ನಮ್ದು, ನಮ್ದು, ನಮ್ದು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕಳಿಸಿದೆ.

ಇವತ್ತು ಬೆಳಿಗ್ಗೆ ಕತ್ತರಿ ವಿಡಿಯೋದಲ್ಲಿ ಬಂದರು. ಕನ್ನಡಕ ಮೂಗಿನ ಮೇಲೇ ಇತ್ತು.

"ಇಲ್ಲದ ಸದ್ದು ಒಂದೂ ಇಲ್ಲ ಮೇಡಂ."

"ಥ್ಯಾಂಕ್ಯೂ ಸರ್."

"ಆದರೆ ಇರೋ ಸದ್ದು ಒಂದು ಇಲ್ಲ. ಎಪ್ಪತ್ತೊಂದನೇ ನಿಮಿಷ. ಕೆರೆ ಕಾಣಿಸ್ತಾ ಇದೆ. ಕೆರೆ ತುಂಬ ಹೆಬ್ಬಾತು ಕಾಣಿಸ್ತಾ ಇವೆ. ಬಾಯಿ ಬಿಟ್ಟು ಕೂಗ್ತಾ ಇವೆ. ಕೆಳಗೆ ಏನೂ ಇಲ್ಲ."

ಮೊದಲ ಸುತ್ತಿನಲ್ಲಿ ಬರೆದಿದ್ದೆ ಗುಬ್ಬಿ, ಆಣೆ ಮಾಡಿ ಹೇಳುತ್ತೇನೆ. ಕೊನೆಯ ಸುತ್ತಿನಲ್ಲಿ ಕಣ್ಣು ಮುಚ್ಚಿಕೊಂಡು, ನಮ್ದು ಅಂತ ಹೊಡೆದುಹಾಕಿದ್ದೇನೆ. ಬೇರೆ ಯಾರದೋ ಹೆಬ್ಬಾತುಗಳನ್ನು ನಮ್ಮ ಅಜ್ಜಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇನೆ.

"ಸರ್, ನಿಯಮ ಇದ್ದದ್ದು ಇಲ್ಲದ ಸದ್ದಿನ ಬಗ್ಗೆ" ಅಂದೆ.

ಕತ್ತರಿ ಕನ್ನಡಕಕ್ಕೆ ಕೈ ಹಾಕಿ, ತೆಗೆಯದೆ ಬಿಟ್ಟರು. ಆಮೇಲೆ, "ಅಲ್ಲೇ ಇರಿ ಮೇಡಂ" ಅಂದರು. ಪರದೆ ಆರಿಹೋಗುವ ಮುಂಚೆ ಅವರ ಮುಖದಲ್ಲಿ ಏನೋ ಬಂದು ಹೋಯಿತು. ನಗು ಅಂತ ಪ್ರಮಾಣ ಮಾಡಲಾರೆ, ಪರದೆಯ ಮೇಲಿನ ಧೂಳೂ ಇರಬಹುದು.

ಅಜ್ಜಿಗೆ ಹೇಳಿದೆ. ಕೋಲು ನೆಲಕ್ಕೆ ಕುಟ್ಟಿ, "ಹಾಗಾದ್ರೆ ಅವು ನಮ್ಮವಕ್ಕಿಂತ ಚೆನ್ನಾಗಿ ಕೂಗಲ್ಲ ಅಂತಾಯ್ತು" ಅಂದರು. ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಆ ಹನ್ನೊಂದಕ್ಕೆ ಸಿಗಲಾರದು.

ಈಗ ನಿನ್ನ ಮೂರನೇ ಕಾಗದದ ಕೊನೆಯ ಸಾಲಿಗೆ ಉತ್ತರ. "ನಮ್ಮನೇಲಿ ಮಹಡಿ ಮೇಲೆ ಒಂದು ಕೋಣೆ ಖಾಲಿ ಇದೆ, ಇವರೂ ಮನಸ್ಸಿಂದ ಹೇಳ್ತಿದ್ದಾರೆ, ಬಾರೇ" ಅಂತ ಬರೆದಿದ್ದೀಯ. ಅವರು ಮನಸ್ಸಿಂದಲೇ ಹೇಳಿದ್ದಾರೆ ಅಂತ ನನಗೆ ಗೊತ್ತು. ಊರವರ ಬಾಯಿ ನೋಡಿ ನೋಡಿ ಸುಳ್ಳಿನ ಮೇಲೆ ಅವರಿಗೆ ಬೇಸರ ಬಂದಿರುತ್ತದೆ. ಆದರೂ ಬರಲ್ಲ. ನಿಮ್ಮಿಬ್ಬರ ಬಾಳು ಈಗ ತಾನೇ ಮೊದಲ ಸುತ್ತಿನಲ್ಲಿದೆ, ಬೆನ್ನ ಹಿಂದೆ ಕೂತು ತೀರ್ಪು ಕೊಡುವವಳು ಬೇಡ. ಬಂದರೆ ಅತಿಥಿಯಾಗಿ ಬರುತ್ತೇನೆ, ಎರಡು ದಿನ ಇರುತ್ತೇನೆ, ಅವರ ಮುಂದೆ ಬಾಯಿ ತೆರೆದು ನಗುವುದಿಲ್ಲ. ನೀನೇ ಬಾ. ಒಂದು ಹಾಸಿಗೆ ಹಾಸಲು ಜಾಗವಿದೆ. ಬೆನ್ನ ಹಿಂದೆ ಒಂದು ಕುರ್ಚಿಯೂ ಇದೆ. ಬರುವಾಗ ಬಟಾಣಿ ತರಬೇಡ, ಇಲ್ಲೇ ಸಿಗುತ್ತದೆ.

ನಿನಗಿಂತ ಮೂರು ತಿಂಗಳು ದೊಡ್ಡವಳಾದ ಅಧಿಕಾರದಿಂದ ಆಶೀರ್ವದಿಸುತ್ತೇನೆ: ಚೆನ್ನಾಗಿ ಉಣ್ಣು, ಚೆನ್ನಾಗಿ ನಿದ್ದೆ ಮಾಡು, ನಿಮ್ಮಿಬ್ಬರ ನಡುವೆ ಜಗಳವಾದಾಗ ಯಾವುದು ನಿನ್ನದು ಯಾವುದು ಅವರದು ಅಂತ ವಿಂಗಡಿಸಲು ಹೋಗಬೇಡ, ಅದು ಆಫೀಸಿನ ಕೆಲಸ. ವೈದ್ಯರಿಗೆ ನನ್ನ ನಮಸ್ಕಾರ ತಿಳಿಸು. ಹನ್ನೊಂದೂ ಕಾಲು ಆಗುತ್ತಾ ಬಂತು. ಗಂಟೆ ಈಗ ಕೈ ಮುಚ್ಚದೆ ಬರುತ್ತಿದೆ.

ಇಂತಿ ನಿನ್ನ
ಮೊಲ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇಲ್ಲದ ಸದ್ದು ಬರೆದ ತಪ್ಪು ಮೂರು ಅಂತ ಲೆಕ್ಕ ಕೊಟ್ಟೆನಲ್ಲ, ನಾಲ್ಕು. ಮೊದಲನೆಯದು ಈ ಊರಿನದಲ್ಲ, ನಮ್ಮ ಹಳೇ ಮನೆಯದು. ನೀನು ಹೋಗಿ ಇಪ್ಪತ್ತು ದಿನವಾಗಿತ್ತು. ಒಂದು ಸಾಧಾರಣ ಸಿನಿಮಾ. ಒಬ್ಬ ಮುದುಕ ಅಡುಗೆಮನೆಯಲ್ಲಿ ಒಬ್ಬನೇ ಕೂತು ಚಮಚ ಒರೆಸುತ್ತಾನೆ, ಅಷ್ಟೇ. ನಾನು ಬರೆದು ಕಳಿಸಿದ್ದೆ: [ಪಕ್ಕದ ಕೋಣೆಯಲ್ಲಿ ಚಪ್ಪಲಿ ಎಳೆಯುವ ಸದ್ದು]. ಕತ್ತರಿ ಏನೂ ಬೈಯದೆ ವಾಪಸು ಕಳಿಸಿದರು, "ಇಲ್ಲಿ ಅಂಥ ಸದ್ದಿಲ್ಲ, ನೋಡಿ" ಅಂತ. ಮತ್ತೆ ಹಾಕಿ ಕೇಳಿದೆ. ಅವರ್ದಲ್ಲ. ಬೆಳಿಗ್ಗೆ ಹನ್ನೊಂದು ಗಂಟೆ, ಒಳ್ಳೇ ಬಿಸಿಲು. ಎದ್ದು ಹೋಗಿ ನಿನ್ನ ಕೋಣೆಯ ಬಾಗಿಲು ತೆಗೆದು ನೋಡಿದೆ. ನಮ್ದೂ ಅಲ್ಲ. ಆಮೇಲೂ ಎರಡು ತಿಂಗಳು ದಿನಾ ಕೇಳಿಸಿತು. ಬರೆಯದೆ ಬಿಡುವುದನ್ನು ಕಲಿತೆ, ಕೇಳದೆ ಇರುವುದು ಬರಲಿಲ್ಲ. ಬಾಡಿಗೆಯ ಮಾತು ತಮ್ಮನಿಗೆ ಹೇಳಲು ಚೆನ್ನಾಗಿತ್ತು. ಆ ಮನೆಯ ಯಜಮಾನರ ಹೆಂಡತಿ "ಅರ್ಧ ಕೊಡು ಸಾಕು, ಇದ್ದುಬಿಡು" ಅಂದಿದ್ದರು, ನಿನಗೆ ಹೇಳಿರಲಿಲ್ಲ. ಇಲ್ಲಿಗೆ ಬಂದಮೇಲೆ ಒಂದು ಸಲವೂ ಕೇಳಿಸಿಲ್ಲ. ಎದುರಿನ ಆ ಮನೆ ಅದೇ ರೇಟಿಗೆ ಇನ್ನೂ ಖಾಲಿ ಇದೆ, ಯಾಕೆ ಬೇಡ ಅಂತ ಟೈಲರ್ ವಾರಕ್ಕೊಮ್ಮೆ ಕೇಳುತ್ತಾರೆ. ಈ ಮನೆಗೆ ಪಕ್ಕದ ಕೋಣೆ ಇಲ್ಲ ಗುಬ್ಬಿ. ನೋಡಿಯೇ ಹಿಡಿದಿದ್ದೇನೆ.